ಇಲಿಶ್ ಮನೆ, ಸಿಗಡಿ ಮನೆ

ನಾಳೆ ಮನೆಯಲ್ಲಿ ಏನು ಅಡುಗೆ ಎಂಬುದನ್ನು ಹಿಂದಿನ ಸಂಜೆ ಇಪ್ಪತ್ತೆರಡು ಜನ ಗಂಡಸರು ಚೆಂಡು ಒದ್ದು ತೀರ್ಮಾನಿಸುವ ಊರು ಕೊಲ್ಕತ್ತ. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು, ಮೋಹನ್ ಬಾಗಾನ್ ಗೆದ್ದರೆ ಸಿಗಡಿ. ಪಂದ್ಯ ಸಮವಾಯಿತೋ, ಬೇಳೆ, ಆಲೂಗಡ್ಡೆ ಪಲ್ಯ, ಜೊತೆಗೆ ಊಟ ಮುಗಿಯುವವರೆಗೂ ರೆಫರಿಗೆ ಬೈಗುಳ.

ಇದು ಕಟ್ಟುಕಥೆಯಂತೆ ಕೇಳಿಸಬಹುದು. ಆದರೆ ಈ ಎರಡು ತಂಡಗಳ ಪಂದ್ಯದ ಮಾರನೆಯ ದಿನ ಮೀನಿನ ಪೇಟೆಯಲ್ಲಿ ದರ ಹೇಗಿತ್ತೆಂಬುದನ್ನು ಅಲ್ಲಿನ ಪತ್ರಿಕೆಗಳು ಸುದ್ದಿ ಮಾಡುತ್ತಲೇ ಬಂದಿವೆ. ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಹೋಗುವ ಅಭಿಮಾನಿಗಳು ಬಾವುಟದ ಜೊತೆಗೆ ರಟ್ಟಿನಲ್ಲಿ ಕತ್ತರಿಸಿದ ಆಳೆತ್ತರದ ಮೀನನ್ನೋ ಸಿಗಡಿಯನ್ನೋ ಹೊತ್ತು ಸಾಗುವುದುಂಟು. ಗೆದ್ದ ಪಕ್ಷದವರು ಬೀದಿಯಲ್ಲಿ ನಿಜವಾದ ಇಲಿಶನ್ನೇ ಕೈಯಲ್ಲಿ ಎತ್ತಿ ಹಿಡಿದು ಕುಣಿದ ಚಿತ್ರಗಳೂ ಅಚ್ಚಾಗಿವೆ. ಪಾಪ, ಅಷ್ಟು ಬೆಲೆಯ ಮೀನು!

ಕೇಳುಗರಿಗೆ ಮೊದಲು ಈ ಎರಡು ಮನೆಗಳ ಪರಿಚಯ ಆಗಬೇಕು. ಗಂಗೆಯ ಈ ದಡದ, ಅಂದರೆ ಪಶ್ಚಿಮ ಬಂಗಾಳದ ಹಳಬರು ಘೋಟಿಗಳು. ಪದ್ಮಾ ನದಿಯ ಸೀಮೆಯಿಂದ, ಈಗಿನ ಬಾಂಗ್ಲಾದೇಶದಿಂದ ಬಂದವರು ಬಾಂಗಾಲರು. ಘೋಟಿ ಮನೆ ಮೋಹನ್ ಬಾಗಾನ್ ಕಡೆ, ಬಾಂಗಾಲ್ ಮನೆ ಈಸ್ಟ್ ಬೆಂಗಾಲ್ ಕಡೆ. ಘೋಟಿಗೆ ತೆಂಗಿನ ಹಾಲಿನಲ್ಲಿ ಬೆಂದ ದೊಡ್ಡ ಸಿಗಡಿ ಇಷ್ಟ, ಬಾಂಗಾಲನಿಗೆ ಸಾಸಿವೆ ಅರೆದು ಬೇಯಿಸಿದ ಇಲಿಶ್ ಪ್ರಾಣ. ಘೋಟಿಗಳು ಬೇಳೆಗೂ ಸಕ್ಕರೆ ಸುರಿಯುತ್ತಾರೆಂದು ಇವರ ಕುಹಕ; ಬಾಂಗಾಲರ ಓಣಿಗೆ ಕಾಲಿಟ್ಟರೆ ಒಣಮೀನಿನ ನಾತ ಮೂಗಿಗೆ ಅಡರುತ್ತದೆಂದು ಅವರ ಕುಹಕ. ದೇವರ ಪೂಜೆಯಲ್ಲೂ ವ್ಯತ್ಯಾಸವಿದೆ. ದುರ್ಗಾಪೂಜೆ ಮುಗಿದು ಬರುವ ಹುಣ್ಣಿಮೆಯ ರಾತ್ರಿ ಬಾಂಗಾಲರ ಮನೆಯಲ್ಲಿ ಲಕ್ಷ್ಮೀಪೂಜೆ. ಹಲವು ಘೋಟಿ ಮನೆಗಳಲ್ಲಿ ಅದು ದೀಪಾವಳಿಯ ಅಮಾವಾಸ್ಯೆಗೆ. ಒಂದೇ ಭಾಷೆ, ಒಂದೇ ದೇವರು, ಒಂದೇ ಅನ್ನ. ಬೇರೆ ಎನ್ನಿಸಿಕೊಳ್ಳಲು ಇಷ್ಟು ಸಾಲದೆಂಬಂತೆ ಮೇಲೊಂದು ಫುಟ್‌ಬಾಲ್.

ಮೋಹನ್ ಬಾಗಾನ್ ಹುಟ್ಟಿದ್ದು 1889ರ ಆಗಸ್ಟ್ 15ರಂದು. ದಿನಾಂಕ ಆಮೇಲೆ ಇಡೀ ದೇಶದ್ದಾಯಿತು. ಈ ಕಾಕತಾಳೀಯವನ್ನು ಹೇಳಿಕೊಳ್ಳುವ ಅವಕಾಶವನ್ನು ಕ್ಲಬ್ಬಿನವರು ಬಿಡುವುದಿಲ್ಲ. 1911ರ ಜುಲೈ 29ರಂದು ಐಎಫ್‌ಎ ಶೀಲ್ಡ್ ಫೈನಲಿನಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಬೂಟುಗಾಲಿನ ಗೋರಾ ಸೈನಿಕರನ್ನು ಈ ತಂಡ 2–1ರಿಂದ ಸೋಲಿಸಿತು. ಒಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಬರಿಗಾಲಿನಲ್ಲಿ ಆಡಿದ್ದರು. ಆಟ ಕಾಣದಷ್ಟು ದೂರ ನಿಂತಿದ್ದ ಜನಸಾಗರಕ್ಕೆ ಗಾಳಿಪಟ ಹಾರಿಸಿ ಗೋಲಿನ ಲೆಕ್ಕ ತಿಳಿಸಿದರಂತೆ. ಅಂದು ಗೆದ್ದದ್ದು ಘೋಟಿಗಳಲ್ಲ, ಬಂಗಾಳಿಗಳು, ಇನ್ನೂ ಸರಿಯಾಗಿ ಹೇಳಿದರೆ ಭಾರತೀಯರು. ಆ ಹನ್ನೊಂದು ಜನರಲ್ಲಿ ಹಲವರ ಮನೆತನದ ಬೇರು ಇದ್ದದ್ದು ಪೂರ್ವ ಬಂಗಾಳದಲ್ಲೇ!

ಈಸ್ಟ್ ಬೆಂಗಾಲ್ ಹುಟ್ಟಿಗೆ ಕಾರಣ ಒಂದು ಮುನಿಸು. 1920ರ ಜುಲೈ ಕೊನೆಯಲ್ಲಿ ಜೋರಾಬಾಗಾನ್ ಎಂಬ ಕ್ಲಬ್ ಮೋಹನ್ ಬಾಗಾನ್ ವಿರುದ್ಧದ ಪಂದ್ಯಕ್ಕೆ ಪೂರ್ವ ಬಂಗಾಳದ ಶೈಲೇಶ್ ಬೋಸ್ ಎಂಬ ಆಟಗಾರನನ್ನು ಕೈಬಿಟ್ಟಿತು. ಅದರ ಉಪಾಧ್ಯಕ್ಷ ಸುರೇಶ್‌ಚಂದ್ರ ಚೌಧುರಿ ಸಿಟ್ಟಾಗಿ ಹೊರನಡೆದರು. ಕೆಲವೇ ದಿನಗಳಲ್ಲಿ, ಆಗಸ್ಟ್ 1ಕ್ಕೆ, ಹೊಸ ಕ್ಲಬ್ ಸಿದ್ಧ. ಬಂಗಾಳಿಗಳ ಮುನಿಸು ಇಷ್ಟು ಬೇಗ ಫಲ ಕೊಟ್ಟ ಉದಾಹರಣೆ ಇನ್ನೊಂದು ಸಿಗಲಾರದು.

ಆದರೆ ಮನೆಮನೆಯ ಅಡುಗೆಯನ್ನೂ ಸಂಬಂಧವನ್ನೂ ಈ ಕ್ಲಬ್ಬುಗಳು ಆಳತೊಡಗಿದ್ದು ಆಮೇಲೆ, ದೇಶ ಎರಡಾದ ಮೇಲೆ. 1947ರ ನಂತರ ಲಕ್ಷಾಂತರ ಬಾಂಗಾಲ್ ಕುಟುಂಬಗಳು ಗಡಿ ದಾಟಿ ಬಂದವು. ಸಿಯಾಲ್ದಾ ರೈಲು ನಿಲ್ದಾಣದ ಪ್ಲಾಟ್‌ಫಾರಂ ಅವರ ಮೊದಲ ಮನೆ. ಆಮೇಲೆ ದಕ್ಷಿಣ ಕೊಲ್ಕತ್ತದ ಅಂಚಿನಲ್ಲಿ ಬಿಜಯ್‌ಗಢ, ಆಜಾದ್‌ಗಢ, ನೇತಾಜಿ ನಗರ ಎಂಬ ಹೆಸರುಗಳಿಟ್ಟು, ಬೊಂಬು ನೆಟ್ಟು, ತಡಿಕೆ ಕಟ್ಟಿ, ಖಾಲಿ ಜಾಗದಲ್ಲಿ ತಾವೇ ಕಾಲೊನಿ ಎಬ್ಬಿಸಿಕೊಂಡರು. ಹೊಲ ಹೋಗಿತ್ತು, ಕೊಳ ಹೋಗಿತ್ತು, ತೆಂಗಿನ ಸಾಲು ಹೋಗಿತ್ತು. ಊರಿನ ಹೆಸರನ್ನು ಗಟ್ಟಿಯಾಗಿ ಕೂಗಲು ಉಳಿದಿದ್ದ ಜಾಗ ಒಂದೇ: ಮೈದಾನದ ಮರದ ಗ್ಯಾಲರಿ. ಕೆಂಪು-ಹಳದಿ ಅಂಗಿಯ ತಂಡ ಗೋಲು ಹೊಡೆದಾಗ ಅವರ ಬಾಯಲ್ಲಿ ಬರುತ್ತಿದ್ದುದು ಬಿಟ್ಟುಬಂದ ನಾಡಿನ ಹೆಸರೇ ಅಲ್ಲವೇ!

ಆ ನಿರಾಶ್ರಿತರ ಪಾಲಿಗೆ ದೇವರಾದವರು ಯಾರು? ಪಂಚಪಾಂಡವರು ಎಂದೇ ಕರೆಸಿಕೊಂಡ ಐವರು ಮುಂಚೂಣಿ ಆಟಗಾರರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಒಬ್ಬರೂ ಬಂಗಾಳಿಯಲ್ಲ, ಐವರೂ ದಕ್ಷಿಣದವರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ತಂದುಕೊಟ್ಟದ್ದು ಇವರ ಕಾಲುಗಳು. ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿ ಬಂದವರು. ಚೆಂಡನ್ನು ಕಾಲಿಗಂಟಿಸಿಕೊಂಡು ಎದುರಾಳಿಗಳನ್ನು ಕುಣಿಸುವ ಅವರಿಗೆ ಹಾವಾಡಿಗನೆಂಬ ಅಡ್ಡಹೆಸರು. ಒಂದು ದಶಕ ಕೊಲ್ಕತ್ತದಲ್ಲೇ ಆಡಿ, 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಬಾಂಗಾಲ್ ಮನೆಗಳ ಹಿರಿಯರು ಅವರ ಹೆಸರನ್ನು ಸ್ವಂತ ಮೊಮ್ಮಗನ ಹೆಸರಿನಷ್ಟು ಸಲೀಸಾಗಿ ಹೇಳುತ್ತಿದ್ದರು. ನಮ್ಮೂರಿನಲ್ಲಿ ಆ ಹೆಸರನ್ನು ಎಷ್ಟು ಜನ ಹೇಳುತ್ತಾರೆಂದು ಕೇಳಿಕೊಳ್ಳದಿರುವುದೇ ವಾಸಿ.

ಇತ್ತ ಮೋಹನ್ ಬಾಗಾನ್ ಮನೆಗಳ ದೇವರಮನೆಯಲ್ಲಿ ಕೂತವರಾರು? ಚೀನಾದ ಗೋಡೆ ಎಂದು ಹೆಸರಾಗಿದ್ದ ಗೋಷ್ಠ ಪಾಲ್, 1962ರಲ್ಲಿ ಪದ್ಮಶ್ರೀ ಪಡೆದ ಮೊದಲ ಫುಟ್‌ಬಾಲಿಗ. ಹುಟ್ಟೂರು ಫರೀದ್‌ಪುರ ಜಿಲ್ಲೆ, ಅಪ್ಪಟ ಪೂರ್ವ ಬಂಗಾಳ. ಇನ್ನೊಬ್ಬರು 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ನಾಯಕ ಚುನಿ ಗೋಸ್ವಾಮಿ. ಹುಟ್ಟಿದ್ದು ಕಿಶೋರ್‌ಗಂಜ್‌ನಲ್ಲಿ, ಆಡಿದ್ದು ಆಯುಷ್ಯವಿಡೀ ಮೋಹನ್ ಬಾಗಾನ್‌ಗೆ. ಈ ಮಾತನ್ನು ಘೋಟಿಗಳ ಎದುರು ಎತ್ತಿದರೆ ಅವರು ಆಟದ ಸೊಗಸಿನ ಮಾತು ತೆಗೆದು ವಿಷಯ ಬದಲಿಸುತ್ತಾರೆ.

ಇದರ ಅರ್ಥ ಇಷ್ಟೇ: ಈ ಪಕ್ಷಭೇದ ಮೈದಾನದಲ್ಲಿ ಉಳಿದುಬಂದದ್ದಲ್ಲ. ಆಟಗಾರರು ಹಣ ಕೊಟ್ಟ ಕಡೆ ಹೋದರು. ಋತು ಬದಲಾದಂತೆ ಅಂಗಿ ಬದಲಿಸಿದರು. ಸಹಿ ಹಾಕುವ ದಿನದವರೆಗೂ ಆಟಗಾರನನ್ನು ಎದುರು ಪಕ್ಷದ ಕಣ್ಣಿಗೆ ಬೀಳದಂತೆ ಯಾವುದೋ ಬೆಂಬಲಿಗನ ಮನೆಯಲ್ಲಿ ಅಡಗಿಸಿಟ್ಟು ಸಾಕುತ್ತಿದ್ದ ಕಾಲವೂ ಇತ್ತು. ಬದಲಾಗದೆ ಉಳಿದದ್ದು ಮನೆ. ಅಪ್ಪನ ಕ್ಲಬ್ ಮಗನಿಗೆ ಬಂತು. ಆಸ್ತಿ ಪಾಲಾದರೂ ಕ್ಲಬ್ ಪಾಲಾಗಲಿಲ್ಲ.

ಮಗಳಿಗೆ? ಇಲ್ಲಿ ಕತೆ ಸ್ವಲ್ಪ ತೊಡಕಾಗುತ್ತದೆ. ಬಾಂಗಾಲ್ ಮನೆಯ ಹುಡುಗಿ ಘೋಟಿ ಮನೆಗೆ ಸೊಸೆಯಾಗಿ ಹೋದರೆ ಅವಳ ತಂಡ ಯಾವುದು? ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಜಾತಕ, ಗೋತ್ರಗಳ ಜೊತೆಗೆ ಇದನ್ನೂ ವಿಚಾರಿಸುತ್ತಿದ್ದ ಕಾಲ ಒಂದಿತ್ತು. ಈ ಇಕ್ಕಟ್ಟೇ 1976ರಲ್ಲಿ 'ಮೋಹನ್‌ಬಾಗಾನೇರ್ ಮೇಯೆ' ಎಂಬ ನಗೆಚಿತ್ರವಾಯಿತು. ಮೋಹನ್ ಬಾಗಾನ್ ಹುಚ್ಚಿನ ಮಾವನ ಪಾತ್ರ ಉತ್ಪಲ್ ದತ್ತರದು. ಸಿನಿಮಾದಲ್ಲಿ ಎಲ್ಲವೂ ನಗುವಿನಲ್ಲಿ ಮುಗಿಯುತ್ತದೆ. ಮನೆಗಳಲ್ಲಿ ಅತ್ತೆ, 'ನಿಮ್ಮ ಕಡೆಯವರಿಗೆ ಮೆಣಸಿನಕಾಯಿ ಬಿಟ್ಟು ಬೇರೇನು ಗೊತ್ತಮ್ಮ' ಎಂದದ್ದಕ್ಕೆ ಸೊಸೆ ಉತ್ತರ ಕೊಡಲು ಮುಂದಿನ ಪಂದ್ಯದವರೆಗೆ ಕಾಯಬೇಕಿತ್ತು. ಈಸ್ಟ್ ಬೆಂಗಾಲ್ ಗೆದ್ದ ಸಂಜೆ ಅವಳು ಏನೂ ಮಾತನಾಡದೆ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿ ಮಾವನ ಮುಂದಿಟ್ಟರೆ ಸಾಕು, ಹೇಳಬೇಕಾದದ್ದೆಲ್ಲ ಹೇಳಿದಂತೆ.

ಇಲಿಶ್-ಸಿಗಡಿಯ ಈ ಸೊಗಸಾದ ಕತೆಯನ್ನು ಹೇಳುವವರು ಸಾಮಾನ್ಯವಾಗಿ ತಿನ್ನುವವರು. ಗೆಲುವಿನ ಮೀನು ಕೈಚೀಲದಲ್ಲಿ ಬಂದ ಮೇಲೆ ನೆಲದ ಮೇಲೆ ಕೂತು, ನಮ್ಮ ಈಳಿಗೆಮಣೆಯಂಥ ಬೊಟಿಯನ್ನು ಕಾಲಲ್ಲಿ ಅದುಮಿ, ಹೊಳೆಯುವ ಹುರುಪೆ ಹೆರೆದು, ಸಾಸಿವೆಯನ್ನು ಕಹಿಯಾಗದಂತೆ ಅರೆಯುತ್ತಿದ್ದವರು ಹೆಂಗಸರು. ಹತ್ತು ಹನ್ನೆರಡು ಜನರ ಕೂಡುಕುಟುಂಬದಲ್ಲಿ ಅದು ಅರ್ಧ ದಿನದ ಕೆಲಸ. ಇಲಿಶ್ ಮುಳ್ಳುಗಳ ಗೂಡು. ಮಕ್ಕಳಿಗೆ ಬಿಡಿಸಿ ತಿನ್ನಿಸುವುದೂ ಅವರ ಪಾಲಿಗೇ. ಪಂದ್ಯ ಗೆದ್ದರೆ ಇಷ್ಟು ಕೆಲಸ, ಸೋತರೆ ಮುಖ ಗಂಟಿಕ್ಕಿಕೊಂಡು ಊಟ ಬೇಡವೆನ್ನುವ ಗಂಡಸರನ್ನು ಎಬ್ಬಿಸುವ ಕೆಲಸ. ಮೈದಾನದ ಗ್ಯಾಲರಿಗೆ ಅವರು ಹೋಗುವಂತಿರಲಿಲ್ಲ. ಹೋದರೂ ಅಲ್ಲಿ ಬೈಗುಳದ ಮಳೆ. ಆಟ ಅವರಿಗೆ ದಕ್ಕುತ್ತಿದ್ದುದು ಕಿವಿಯಿಂದ.

ಹೀಗೆ ಮಾತು ಬಾನುಲಿಗೆ ಬಂತು. ಆಕಾಶವಾಣಿ ಕೊಲ್ಕತ್ತ ಕೇಂದ್ರದ ಬಂಗಾಳಿ ವೀಕ್ಷಕವಿವರಣೆಕಾರರಾದ ಅಜಯ್ ಬಸು, ಪುಷ್ಪೇನ್ ಸರ್ಕಾರ್, ಕಮಲ್ ಭಟ್ಟಾಚಾರ್ಯ ಇವರ ದನಿ ಎಷ್ಟೋ ಅಡುಗೆಮನೆಗಳಲ್ಲಿ ಮನೆಯವರ ದನಿಗಿಂತ ಹೆಚ್ಚು ಗುರುತಿನದು. ಕಿಟಕಿಯ ಕಟ್ಟೆಯ ಮೇಲೆ ಟ್ರಾನ್ಸಿಸ್ಟರ್, ಒಲೆಯ ಮೇಲೆ ಅನ್ನ, ಅಂಗಳದ ಜಗಲಿಯಲ್ಲಿ ಕಿವಿಗೊಟ್ಟು ಕೂತ ನೆರೆಮನೆಯವರು. ಚೆಂಡು ಪೆನಾಲ್ಟಿ ಪೆಟ್ಟಿಗೆಯ ಹತ್ತಿರ ಬಂದಂತೆ ದನಿ ಏರುವುದು, ಆಗ ಸೌಟು ಹಿಡಿದ ಕೈ ನಿಲ್ಲುವುದು. ಕೊಲ್ಕತ್ತಕ್ಕೆ ದೂರದರ್ಶನ ಬಂದದ್ದು 1975ರ ಆಗಸ್ಟಿನಲ್ಲಿ. ಆದರೂ ಬಹುಕಾಲ ಹೆಚ್ಚಿನ ಮನೆಗಳಿಗೆ ಆಟವೆಂದರೆ ದನಿಯೇ.

ಅದೇ 1975ರ ಸೆಪ್ಟೆಂಬರ್ 30ರಂದು ಶೀಲ್ಡ್ ಫೈನಲಿನಲ್ಲಿ ಮೋಹನ್ ಬಾಗಾನ್ ವಿರುದ್ಧ ಈಸ್ಟ್ ಬೆಂಗಾಲ್ 5–0ಯಿಂದ ಗೆದ್ದಿತು. ಆ ಅಂಕಿಯನ್ನು ಇಂದಿಗೂ ಬಾಂಗಾಲ್ ಮನೆಯ ಮಗು ಮಗ್ಗಿಗಿಂತ ಮೊದಲು ಕಲಿಯುತ್ತದೆ. ಸೋತ ತಂಡದ ಕೆಲವು ಆಟಗಾರರು ಮನೆಗೆ ಹೋಗಲು ಹೆದರಿ ಗಂಗೆಯಲ್ಲಿ ದೋಣಿಯ ಮೇಲೆ ರಾತ್ರಿ ಕಳೆದರೆಂಬ ಮಾತಿದೆ. ಮುಂಬಯಿಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್, ಕೊಮಿಲ್ಲಾದಲ್ಲಿ ಹುಟ್ಟಿದ ಕಟ್ಟಾ ಈಸ್ಟ್ ಬೆಂಗಾಲ್ ಅಭಿಮಾನಿ, ಮಗ ಕಿವಿಯಲ್ಲಿ ಈ ಸುದ್ದಿ ಹೇಳಿದಾಗ ಒಮ್ಮೆ ಕಣ್ತೆರೆದರೆಂದು ಹೇಳುತ್ತಾರೆ. ಒಂದು ತಿಂಗಳಿನ ಬಳಿಕ, ಅಕ್ಟೋಬರ್ 31ರಂದು, ಅವರು ತೀರಿಕೊಂಡರು.

ಅದೇ ಸೋಲಿಗೆ ಮೋಹನ್ ಬಾಗಾನ್‌ನ ಒಬ್ಬ ಯುವ ಅಭಿಮಾನಿ ಪ್ರಾಣ ಕಳೆದುಕೊಂಡ. ಮುಂದಿನ ಜನ್ಮದಲ್ಲಿ ಒಳ್ಳೆಯ ಆಟಗಾರನಾಗಿ ಹುಟ್ಟಿ ಸೇಡು ತೀರಿಸುವ ಮಾತು ಬರೆದಿಟ್ಟಿದ್ದ. ಐದು ವರ್ಷದ ನಂತರ, 1980ರ ಆಗಸ್ಟ್ 16ರಂದು, ಈಡನ್ ಗಾರ್ಡನ್ಸ್‌ನಲ್ಲಿ ಇದೇ ಎರಡು ತಂಡಗಳ ಲೀಗ್ ಪಂದ್ಯದಲ್ಲಿ ಜಗಳ ಗ್ಯಾಲರಿಗೆ ಹರಡಿ, ನೂಕುನುಗ್ಗಲಿನಲ್ಲಿ 16 ಜನ ಸತ್ತರು. ಮಧ್ಯಾಹ್ನ ಊಟ ಮಾಡಿ ಆಟ ನೋಡಲು ಹೋದವರು. ಆ ದಿನದ ನೆನಪಿಗೆ ಪ್ರತಿವರ್ಷ ಊರಿನಲ್ಲಿ ರಕ್ತದಾನ ನಡೆಯುತ್ತದೆ. ಕೊಲ್ಕತ್ತದ ಫುಟ್‌ಬಾಲ್ ಹುಚ್ಚನ್ನು ಬರೀ ಮೀನಿನ ರುಚಿಯಲ್ಲಿ ವರ್ಣಿಸುವವರು ಈ ಎರಡು ವರ್ಷಗಳನ್ನು ದಾಟಿಹೋಗುತ್ತಾರೆ. ಅಡುಗೆಮನೆಯ ಜಗಳಕ್ಕೆ ಮಾರನೆಯ ಬೆಳಗಿನ ಚಹಾ ಇತ್ತು, ಒಂದೇ ಸೂರಿನಡಿ ಬದುಕಬೇಕಾದ ಅನಿವಾರ್ಯ ಇತ್ತು. ಗ್ಯಾಲರಿಯಲ್ಲಿ ಅದಾವುದೂ ಇರಲಿಲ್ಲ.

ನಗುವ ಜಗಳಕ್ಕೇನೂ ಬರವಿಲ್ಲ ಬಿಡಿ. 1997ರ ಜುಲೈ 13ರ ಫೆಡರೇಶನ್ ಕಪ್ ಸೆಮಿಫೈನಲಿಗೆ ಮುಂಚೆ ಮೋಹನ್ ಬಾಗಾನ್ ತರಬೇತುದಾರ ಅಮಲ್ ದತ್ತ ಈಸ್ಟ್ ಬೆಂಗಾಲ್ ಆಟಗಾರರ ಹೆಸರುಗಳನ್ನು ತಟ್ಟೆಗೆ ಬಡಿಸಿದಂತೆ ಗೇಲಿ ಮಾಡಿದರು: ಒಮೊಲೊ ಅಂದರೆ ಆಮ್ಲೆಟ್, ಸೊಸೊ ಅಂದರೆ ಸೌತೆಕಾಯಿ, ಬೈಚುಂಗ್ ಅಂದರೆ ಚುಂಗ್‌ಚುಂಗ್. ಸಾಲ್ಟ್ ಲೇಕ್‌ನಲ್ಲಿ 1,31,000ಕ್ಕೂ ಹೆಚ್ಚು ಜನ ಸೇರಿದ್ದರು. ಪಿ.ಕೆ. ಬ್ಯಾನರ್ಜಿ ತರಬೇತಿಯ ಈಸ್ಟ್ ಬೆಂಗಾಲ್ 4–1ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಆ ಚುಂಗ್‌ಚುಂಗನವೇ. ಮಾರನೆಯ ದಿನ ಯಾವ ಮೀನು ಮಾರಾಟವಾಯಿತೆಂದು ಹೇಳಬೇಕಿಲ್ಲ.

ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂದಾಗ ಮನೆಯೊಳಗಿನ ಗಡಿಗಳು ಅದಲುಬದಲಾಗುತ್ತವೆ. ಬಡಾವಣೆಯ ಗೋಡೆಗಳಿಗೆ ಹಳದಿ ಬಳಿದರೆ ಬ್ರೆಜಿಲ್, ಆಕಾಶನೀಲಿ-ಬಿಳಿ ಬಳಿದರೆ ಅರ್ಜೆಂಟೀನಾ. ಭಾರತ ತಂಡ ಅಲ್ಲಿರುವುದಿಲ್ಲವೆಂಬ ಕೊರಗು ಆ ಬಣ್ಣದಲ್ಲಿ ಮುಚ್ಚಿಹೋಗುತ್ತದೆ. ಬ್ರೆಜಿಲ್ ಮೋಹ ಹಳೆಯದು: 1977ರ ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸ್‌ನಲ್ಲಿ ಸ್ವತಃ ಪೆಲೆ ನ್ಯೂಯಾರ್ಕ್ ಕಾಸ್ಮಾಸ್ ಪರ ಆಡಿದ್ದರು, ಮೋಹನ್ ಬಾಗಾನ್ 2–2ರ ಸಮ ಮಾಡಿಕೊಂಡಿತ್ತು. ಅರ್ಜೆಂಟೀನಾ ಮನೆ ಹೊಕ್ಕಿದ್ದು 1986ರಲ್ಲಿ, ಟಿ.ವಿ. ಪೆಟ್ಟಿಗೆಯ ಮೂಲಕ. ಮೆಕ್ಸಿಕೋದ ನಡುಹಗಲು ನಮಗೆ ರಾತ್ರಿ ಹನ್ನೊಂದೂವರೆ. ಅಲ್ಲಿನ ಸಂಜೆ ನಾಲ್ಕರ ಆಟಕ್ಕೆ ಇಲ್ಲಿ ನಸುಕಿನ ಮೂರೂವರೆ. ಊರಿಗೆಲ್ಲ ಲೋಡ್ ಶೆಡ್ಡಿಂಗ್ ಹೆದರಿಕೆ. ಟಿ.ವಿ. ಇದ್ದ ಮನೆಯವರು ನಡುರಾತ್ರಿ ಚಾಪೆ ಹಾಸಿ ಓಣಿಯವರನ್ನೆಲ್ಲ ಕೂರಿಸಿಕೊಂಡು, ಬೆಳಗಿನ ಜಾವಕ್ಕೆ ಚಹಾ ಕಾಸಿ, ಹತ್ತು ಗಂಟೆಗೆ ಕಣ್ಣುಜ್ಜುತ್ತ ಕಚೇರಿ ಸೇರಿದರು. ಆ ಜೂನಿನ ರಾತ್ರಿಗಳಲ್ಲಿ ಮರಡೋನಾನನ್ನು ಕಂಡ ತಲೆಮಾರು ಮತ್ತೆ ಬ್ರೆಜಿಲ್ ಕಡೆ ತಿರುಗಲಿಲ್ಲ. ಹಾಗಾಗಿ ತಾತ ಬ್ರೆಜಿಲ್, ಅಪ್ಪ ಅರ್ಜೆಂಟೀನಾ, ಮೊಮ್ಮಗಳ ಫೋನಿನ ಗೋಡೆಚಿತ್ರದಲ್ಲಿ ಯಾವುದೋ ಇಂಗ್ಲಿಷ್ ಕ್ಲಬ್. 2022ರ ಡಿಸೆಂಬರ್ 18ರ ಫೈನಲ್ ಮಾತ್ರ ರಾತ್ರಿ ಎಂಟೂವರೆಗೆ ಶುರುವಾಗಿ ಎಲ್ಲರ ನಿದ್ದೆ ಉಳಿಸಿತು. ಊಟದ ವೇಳೆಯನ್ನು ಉಳಿಸಲಿಲ್ಲ.

ಎರಡು ಮೀನುಗಳ ಕತೆಯಲ್ಲಿ ಜಾಗ ಸಿಗದ ಮನೆಗಳೂ ಈ ಊರಿನಲ್ಲಿವೆ. 1891ರಲ್ಲಿ ಹುಟ್ಟಿದ ಮೊಹಮಡನ್ ಸ್ಪೋರ್ಟಿಂಗ್ ಕಲ್ಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ಕ್ಲಬ್. 1934ರಿಂದ 1938ರವರೆಗೆ ಸತತ ಐದು ಸಲ. ಆ ಕಪ್ಪು-ಬಿಳಿ ಅಂಗಿಗೆ ಪಾರ್ಕ್ ಸರ್ಕಸ್, ಖಿದಿರ್‌ಪುರ, ರಾಜಾಬಜಾರ್‌ಗಳ ಮುಸ್ಲಿಂ ಮನೆಗಳಲ್ಲಿ ಇರುವ ಪ್ರೀತಿ ಯಾರಿಗೂ ಕಡಿಮೆಯಲ್ಲ. 2024ರಲ್ಲಿ ಅದು ಐ-ಲೀಗ್ ಗೆದ್ದು ದೇಶದ ಮೇಲಿನ ಪಂಕ್ತಿಯ ಲೀಗಿಗೆ ಬಂದಾಗ ಆ ಓಣಿಗಳೂ ರಾತ್ರಿಯಿಡೀ ಎಚ್ಚರವಿದ್ದವು. ನಿಯತಕಾಲಿಕಗಳು ಮಾತ್ರ ಇಲಿಶ್-ಸಿಗಡಿಯನ್ನೇ ಮತ್ತೆ ಮತ್ತೆ ಬಡಿಸುತ್ತವೆ. ಈ ಭಾಷಣವೂ ಆ ದೋಷದಿಂದ ಪೂರಾ ಪಾರಾಗಿಲ್ಲ.

2024ರ ಆಗಸ್ಟಿನಲ್ಲಿ ಮನೆಯವರೆಲ್ಲ ಒಟ್ಟಾಗಿ ಬೀದಿಗಿಳಿದ ಪ್ರಸಂಗವೊಂದು ನಡೆಯಿತು. ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಯುವವೈದ್ಯೆಯ ಅತ್ಯಾಚಾರ, ಕೊಲೆಯಿಂದ ಊರು ಕುದಿಯುತ್ತಿತ್ತು. ಅದೇ ತಿಂಗಳ 18ರಂದು ಇದ್ದ ಡ್ಯುರಾಂಡ್ ಕಪ್‌ನ ಈಸ್ಟ್ ಬೆಂಗಾಲ್–ಮೋಹನ್ ಬಾಗಾನ್ ಪಂದ್ಯವನ್ನು ಬಂದೋಬಸ್ತಿನ ಕಾರಣ ಹೇಳಿ ರದ್ದು ಮಾಡಿದರು. ಪಂದ್ಯವಿಲ್ಲದಿದ್ದರೂ ಅಭಿಮಾನಿಗಳು ಮಳೆಯಲ್ಲಿ ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಸೇರಿದರು. ಮೋಹನ್ ಬಾಗಾನ್‌ನ ಹಸಿರು-ಕೆಂಗಂದು ಅಂಗಿಯವನ ಹೆಗಲೇರಿ ಕೆಂಪು-ಹಳದಿ ಅಂಗಿಯವನು ನ್ಯಾಯ ಬೇಕೆಂದು ಕೂಗಿದ, ಕಪ್ಪು-ಬಿಳಿಯವರೂ ಜೊತೆಗೂಡಿದರು. ಪೊಲೀಸರ ಲಾಠಿಗೆ ಅಂಗಿಯ ಬಣ್ಣ ತಿಳಿಯಲಿಲ್ಲ. ಒಂದು ಕಾಲದಲ್ಲಿ ಗ್ಯಾಲರಿಗೆ ಕಾಲಿಡದಿದ್ದ ಹೆಂಗಸರು, ಕಾಲೇಜು ಹುಡುಗಿಯರು, ಆ ಗುಂಪಿನಲ್ಲಿ ತಮ್ಮ ತಮ್ಮ ತಂಡದ ಅಂಗಿ ತೊಟ್ಟೇ ನಿಂತಿದ್ದರು. ಅಪ್ಪನಿಂದ ಮಗನಿಗೆ ಹೋಗುವುದೆಂದು ತಿಳಿದಿದ್ದ ಆಸ್ತಿ ಅವರಿಗೂ ಬಂದು ಎಷ್ಟು ಕಾಲವಾಗಿತ್ತೋ.

ಈಗ ಈ ಮನೆಗಳು ಕೊಲ್ಕತ್ತದಲ್ಲಷ್ಟೇ ಇಲ್ಲ. ಬೆಂಗಳೂರಿನ ಬೆಳ್ಳಂದೂರು, ಮಾರತ್ತಹಳ್ಳಿ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಬಂಗಾಳಿ ಕುಟುಂಬಗಳು ತುಂಬಿವೆ; ಮಂಜುಗಡ್ಡೆಯಲ್ಲಿ ಮಲಗಿದ ಇಲಿಶ್ ಅವರಿಗಾಗಿ ದೂರದಿಂದ ಬರುತ್ತದೆ. 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮುನ್ನಡೆಯಲ್ಲಿತ್ತು. ಆಗ ದೇಶದ ಅಗ್ರ ಲೀಗಾಗಿದ್ದ ಐ-ಲೀಗ್ ಗೆಲ್ಲಲು ಮೋಹನ್ ಬಾಗಾನ್‌ಗೆ ಸಮ ಮಾಡಿಕೊಂಡರೂ ಸಾಕಿತ್ತು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದ, 13 ವರ್ಷದ ಮೇಲೆ ದೇಶದ ಪಟ್ಟ ಗಂಗೆಯ ದಡಕ್ಕೆ ಹೋಯಿತು. 2025ರ ಏಪ್ರಿಲ್ 12ರಂದು ಇಂಡಿಯನ್ ಸೂಪರ್ ಲೀಗ್ ಫೈನಲಿನಲ್ಲಿ ಮತ್ತೆ ಇದೇ ಜೋಡಿ, ಸಾಲ್ಟ್ ಲೇಕ್‌ನಲ್ಲಿ. ಹೆಚ್ಚುವರಿ ಸಮಯದಲ್ಲಿ ಮೋಹನ್ ಬಾಗಾನ್‌ಗೆ 2–1. ಅಂಥ ರಾತ್ರಿಗಳಲ್ಲಿ ಬೆಂಗಳೂರಿನ ಘೋಟಿ ಮನೆಗಳಿಗೆ ಸಂಕಟ: ಅನ್ನ ಕೊಟ್ಟ ಊರೋ, ತಾತನ ತಂಡವೋ? ಪಕ್ಕದ ಬ್ಲಾಕಿನ ಬಾಂಗಾಲ್ ಮನೆಯವರಿಗೆ ಆ ತೊಂದರೆಯೇ ಇಲ್ಲ. ಮೋಹನ್ ಬಾಗಾನ್ ಎದುರು ಆಡುವಾಗ ಬೆಂಗಳೂರಿಗೆ ಅವರಷ್ಟು ನಿಷ್ಠರಾದ ಕನ್ನಡಿಗರು ಬೇರೆ ಸಿಗುವುದಿಲ್ಲ.